ಮಾಸಿದ ವಿನೈಲ್ ಸೈಡಿಂಗ್: ತೊಳೆಯುವುದೋ, ಬಣ್ಣ ಹೊಡೆಯುವುದೋ, ಕಿತ್ತು ಹೊಸದು ಹಾಕಿಸುವುದೋ?

ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮವರ ಜೊತೆ ಊಟಕ್ಕೆ ಕೂತಾಗ ಈ ಮಾತು ಬಂದೇ ಬರುತ್ತದೆ. ಮನೆ ಗಟ್ಟಿಯಾಗಿದೆ. ಚಾವಣಿ ಹೊಸದು. ಅಡುಗೆಮನೆ ಚೆನ್ನಾಗಿದೆ. ಹೊರಗೆ ನಿಂತು ನೋಡಿದರೆ ಮಾತ್ರ ಕಳೆ ಇಲ್ಲ. ಇಪ್ಪತ್ತೈದು ವರ್ಷದ ವಿನೈಲ್ ಸೈಡಿಂಗ್ (ಹೊರಗೋಡೆಗೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿಗಳು), ಬೆಣ್ಣೆ ಬಣ್ಣ ಇದ್ದದ್ದು ಈಗ ಹಳೇ ಪತ್ರಿಕೆಯ ಬಣ್ಣಕ್ಕೆ ತಿರುಗಿದೆ. "ಎರಡು ಕೋಟ್ ಬಣ್ಣ ಹೊಡೆಸಿಬಿಡೋಣ ಅಂತಿದೀವಿ, ಏನಂತೀರಿ?" ಅಂತ ಕೇಳುತ್ತಾರೆ.

ಐದು ವರ್ಷದ ಹಿಂದೆ ನಾವೂ ಇದನ್ನೇ ಎಲ್ಲರ ಹತ್ತಿರ ಕೇಳಿಕೊಂಡು ಓಡಾಡಿದೆವು. ಕೊನೆಗೆ ಬಣ್ಣವನ್ನೇ ಹೊಡೆಸಿದೆವು. ಒಂದು ಸಲ ಕೆಟ್ಟು, ಇನ್ನೊಂದು ಸಲ ಸರಿಯಾಗಿ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಓದಿ ಕಲಿತದ್ದು, ಅರ್ಧ ಏಣಿ ಹತ್ತಿ ಕಲಿತದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವಿನೈಲ್‌ಗೆ ಬಣ್ಣ ಹೊಡೆಯಬಹುದು, ಚೆನ್ನಾಗಿಯೂ ಕಾಣುತ್ತದೆ. ಆದರೆ ಒಮ್ಮೆ ಹೊಡೆದಿರಿ ಅಂದರೆ ಅಲ್ಲಿಂದ ಮುಂದೆ ಹೊಡೆಯುತ್ತಲೇ ಇರಬೇಕು. ಬಣ್ಣ ಹೊಡೆಯುವ ಗೋಜೇ ಬೇಡ ಅಂತ ಹಾಕಿದ ಗೋಡೆಯನ್ನು ನೀವು ಬಣ್ಣ ಕೇಳುವ ಗೋಡೆ ಮಾಡುತ್ತಿದ್ದೀರಿ. ಹಿಂದಕ್ಕೆ ಬರುವ ದಾರಿ ಇಲ್ಲ. ಇದು ತಲೆಯಲ್ಲಿದ್ದರೆ ಉಳಿದದ್ದು ಸುಲಭ.

ನಮ್ಮೂರ ಗೋಡೆ ಬೇರೆ, ಈ ಗೋಡೆ ಬೇರೆ

ಊರಲ್ಲಿ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣವೋ ಡಿಸ್ಟೆಂಪರೋ ಹೊಡೆದು ಬೆಳೆದವರು ನಾವು. ಅಲ್ಲಿನ ಗಾರೆ ಗೋಡೆ ಬಣ್ಣ ಕುಡಿಯುತ್ತದೆ. ಎಷ್ಟು ಕೊಟ್ಟರೂ ಒಳಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿಯುತ್ತದೆ. ವಿನೈಲ್ ಹಾಗಲ್ಲ. ಅದು ಪಿವಿಸಿ, ನಮ್ಮ ನೀರಿನ ಪೈಪಿನ ಜಾತಿಯ ಪ್ಲಾಸ್ಟಿಕ್. ಬಣ್ಣ ಅದರ ಮೇಲೆ ಬಳಿದದ್ದಲ್ಲ, ಪ್ಲಾಸ್ಟಿಕ್ಕಿನ ಒಳಗೇ ಬೆರೆತದ್ದು. ನೀವು ಹೊಡೆಯುವ ಬಣ್ಣ ಒಳಗೆ ಇಳಿಯುವುದಿಲ್ಲ, ಮೇಲೆ ಅಂಟಿಕೊಂಡು ಕೂರುತ್ತದೆ ಅಷ್ಟೆ.

ಎರಡನೆಯ ವಿಷಯ, ಈ ಗೋಡೆ ಓಡಾಡುತ್ತದೆ. ಸುಮಾರು 12 ಅಡಿ ಉದ್ದದ ಒಂದು ಪಟ್ಟಿ ಜನವರಿಯ ಚಳಿಗೂ ಜುಲೈ ಬಿಸಿಲಿಗೂ ನಡುವೆ ಅರ್ಧ ಇಂಚಿನಷ್ಟು ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಮೊಳೆಯನ್ನು ಬಿಗಿಯಾಗಿ ಹೊಡೆದಿರುವುದಿಲ್ಲ. ಉದ್ದನೆಯ ತೂತಿನ ನಡುವೆ, ಒಂದು ಡೈಮ್ ನಾಣ್ಯದ ದಪ್ಪದಷ್ಟು ಸಡಿಲ ಬಿಟ್ಟು ಹೊಡೆದಿರುತ್ತಾರೆ. ಪಟ್ಟಿ ಮೊಳೆಗೆ ನೇತುಬಿದ್ದಿರುತ್ತದೆ, ಕಚ್ಚಿಕೊಂಡಿರುವುದಿಲ್ಲ. ನಂಬಿಕೆ ಬರದಿದ್ದರೆ ನಿಮ್ಮ ಮನೆಯ ಒಂದು ಪಟ್ಟಿಯನ್ನು ಎರಡೂ ಅಂಗೈಯಿಂದ ಒತ್ತಿ ಪಕ್ಕಕ್ಕೆ ತಳ್ಳಿ ನೋಡಿ. ಸರಿಯಾಗಿ ಹಾಕಿದ್ದರೆ ಸ್ವಲ್ಪ ಜಾರುತ್ತದೆ.

ಹಿಗ್ಗುವ, ಕುಗ್ಗುವ, ಏನನ್ನೂ ಕುಡಿಯದ ಗೋಡೆ. ಇದರ ಮೇಲೆ ನಿಲ್ಲುವ ಬಣ್ಣವೂ ಅದರ ಜೊತೆಗೇ ಹಿಗ್ಗಿ ಕುಗ್ಗಬೇಕು. ಆಯಿಲ್ ಪೇಂಟ್ ಬೇಡ ಅನ್ನುವುದು ಇದಕ್ಕೇ. ಅದು ವರ್ಷ ಕಳೆದಂತೆ ಬಿರುಸಾಗಿ, ಗೋಡೆ ಹಿಗ್ಗಿದಾಗ ಹಪ್ಪಳದ ಹಾಗೆ ಒಡೆಯುತ್ತದೆ.

ನಿಮ್ಮ ಗೋಡೆ ಯಾವ ಸ್ಥಿತಿಯಲ್ಲಿದೆ?

ಬಣ್ಣದ ಅಂಗಡಿಗೆ ಹೋಗುವ ಮುಂಚೆ ಮನೆ ಸುತ್ತ ಒಂದು ಸುತ್ತು ಬನ್ನಿ. ಬಿಸಿಲಿರುವಾಗ, ಕೈಯಲ್ಲಿ ಒಂದು ಹಳೇ ಕಪ್ಪು ಬಟ್ಟೆ ಹಿಡಿದುಕೊಂಡು.

ಮೊದಲು ದಕ್ಷಿಣ ಮತ್ತು ಪಶ್ಚಿಮದ ಗೋಡೆ. ಬಿಸಿಲು ಜಾಸ್ತಿ ತಿನ್ನುವುದು ಇವೇ. ಬಟ್ಟೆಯನ್ನು ಒತ್ತಿ ಒಂದೆರಡು ಅಡಿ ಒರೆಸಿ. ನಮ್ಮ ಪಶ್ಚಿಮದ ಗೋಡೆಗೆ ನನ್ನ ಹಳೇ ಕಪ್ಪು ಟೀ ಶರ್ಟ್ ಒರೆಸಿದಾಗ, ಕಪ್ಪು ಹಲಗೆ ಒರೆಸಿದ ಡಸ್ಟರ್ ಹಾಗೆ ಬಿಳಿ ಪುಡಿ ಹತ್ತಿತು. ಬಿಸಿಲಿಗೆ ಮೇಲಿನ ಪದರ ಸವೆದು, ಒಳಗಿನ ಬಿಳಿ ಪಿಗ್ಮೆಂಟ್ ಪುಡಿಯಾಗಿ ಮೇಲೆ ಬಂದು ನಿಂತದ್ದು ಅದು. ಈ ಪುಡಿಯ ಮೇಲೆ ಬಣ್ಣ ಹೊಡೆದರೆ ಬಣ್ಣ ಅಂಟುವುದು ಪುಡಿಗೆ, ಗೋಡೆಗಲ್ಲ. ಎಷ್ಟೋ ಮನೆಗಳಲ್ಲಿ ಬಣ್ಣ ಸುಲಿದು ಬರುವುದರ ಗುಟ್ಟು ಇದೇ.

ಉತ್ತರದ ಗೋಡೆಯ ಕಥೆ ಬೇರೆ. ಅಲ್ಲಿ ಬಿಸಿಲಿಲ್ಲ, ತೇವ ಆರುವುದಿಲ್ಲ, ಹಸಿರು ಪಾಚಿ ಹಿಡಿದಿರುತ್ತದೆ. ನೋಡಲು ಅದೇ ಗಲೀಜಾಗಿ ಕಾಣುತ್ತದೆ. ಆದರೆ ಅದರ ಕೆಳಗಿನ ವಿನೈಲ್ ಬಹಳ ಸಲ ಹೊಸದರ ಹಾಗೇ ಇರುತ್ತದೆ.

ಮೂರನೆಯದು ಕೆಳಗಿನ ಮೂರ್ನಾಲ್ಕು ಪಟ್ಟಿ. ಗಿಡಗಳ ಬುಡಕ್ಕೆ ಮಲ್ಚ್, ಅಂದರೆ ಮರದ ಚೂರು, ಹಾಕಿದ್ದರೆ, ಅದರ ಮೇಲಿನ ಗೋಡೆಯಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕಿಗಳಿರಬಹುದು. ಅದು ಮಣ್ಣಲ್ಲ. ಮಲ್ಚ್‌ನಲ್ಲಿ ಬೆಳೆಯುವ ಆರ್ಟಿಲರಿ ಫಂಗಸ್ ಅನ್ನುವ ಒಂದು ಬೂಷ್ಟು ತನ್ನ ಬೀಜಕಣಗಳ ಉಂಡೆಯನ್ನು ಬೆಳಕಿನ ಕಡೆಗೆ, ತಿಳಿ ಬಣ್ಣದ ಗೋಡೆಯ ಕಡೆಗೆ ಸಿಡಿಸುತ್ತದೆ. ಟಾರಿನ ಹಾಗೆ ಅಂಟುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಪ್ಲಾಸ್ಟಿಕ್ ಚೂರಿನಿಂದ ಒಂದೊಂದನ್ನೇ ಕೆರೆಯಬೇಕು. ಹಾಗೇ ಬಣ್ಣ ಹೊಡೆದರೆ ಗೋಡೆಗೆ ಬೆವರುಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಮಲ್ಚ್ ಬದಲು ಅಲ್ಲಿ ಕಲ್ಲು ಹರಡಿದರೆ ಮುಂದೆ ಈ ಕಾಟ ಇರುವುದಿಲ್ಲ.

ನಾಲ್ಕನೆಯದು ನಮ್ಮವರ ಮನೆಗೇ ಮೀಸಲಾದದ್ದು: ಅಡುಗೆಮನೆಯ ಹೊಗೆ ಹೊರಗೆ ಬರುವ ಜಾಗ, ಮತ್ತು ಹಿಂದಿನ ಡೆಕ್ (ಮರದ ಜಗಲಿ). ಒಗ್ಗರಣೆಯ ಹೊಗೆಯಲ್ಲಿ ಎಣ್ಣೆ ಇರುತ್ತದೆ. ಕೋಡುಬಳೆ, ಬೋಂಡ ಕರಿಯಲು ಮನೆ ಎಲ್ಲಾ ವಾಸನೆ ಯಾಕೆ ಅಂತ ಡೆಕ್ ಮೇಲೆ ಗ್ಯಾಸ್ ಒಲೆ ಇಟ್ಟುಕೊಂಡವರು ಎಷ್ಟೋ ಜನ. ಆ ಗೋಡೆಯ ಮೇಲೆ ಬೆರಳಾಡಿಸಿ, ಜಿಡ್ಡು ಗೊತ್ತಾಗುತ್ತದೆ. ಅಲ್ಲಿ ಬಣ್ಣ ಖಂಡಿತ ನಿಲ್ಲುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಿಂದಲೋ ಡಿಗ್ರೀಸರ್‌ನಿಂದಲೋ ಜಿಡ್ಡು ತೆಗೆದೇ ಮುಂದಿನ ಕೆಲಸ. ಒಲೆ ತೀರಾ ಹತ್ತಿರ ಇದ್ದರೆ ಪಟ್ಟಿ ಅಲೆಅಲೆಯಾಗಿ ಸೊರಗಿಯೂ ಇರುತ್ತದೆ. ವಿನೈಲ್ ಮೆತ್ತಗಾಗಲು ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್ ಸಾಕು. ಹಾಗೆ ಸೊರಗಿದ್ದನ್ನು ಬಣ್ಣ ನೆಟ್ಟಗೆ ಮಾಡುವುದಿಲ್ಲ, ಆ ಪಟ್ಟಿಯನ್ನೇ ಬದಲಾಯಿಸಬೇಕು.

ಇಂಥದೇ ಸೊರಗು ಗೋಡೆಯ ನಡುವೆ, ಒಲೆ ಇಲ್ಲದ ಕಡೆ ಓರೆಯಾಗಿ ಕಂಡರೆ ಎದುರಿನ ಕಿಟಕಿ ನೋಡಿ. ಶಾಖ ತಡೆಯುವ ತೆಳು ಲೇಪ ಇರುವ ಈಗಿನ ಲೋ-ಇ ಗಾಜುಗಳು ಬಿಸಿಲನ್ನು ಕನ್ನಡಿಯ ಹಾಗೆ ಒಂದೇ ಕಡೆ ಹಾಯಿಸುತ್ತವೆ. ಪಕ್ಕದ ಮನೆಯವರು ಹೊಸ ಕಿಟಕಿ ಹಾಕಿಸಿದ ಮೇಲೆ ನಮ್ಮ ಗೋಡೆ ಕರಗಿತು ಅನ್ನುವುದು ಸುಳ್ಳಲ್ಲ. ಆ ಕಿಟಕಿಗೆ ಹೊರಗಿನಿಂದ ಸೊಳ್ಳೆ ಪರದೆ ಹಾಕಿದರೆ ಬೆಳಕು ಒಡೆದು ಹೋಗುತ್ತದೆ. ಅದು ಆಗದೆ ಹೊಸ ಪಟ್ಟಿ ಹಾಕಿಸಿದರೂ ಮುಂದಿನ ಬೇಸಿಗೆಗೆ ಮತ್ತೆ ಅದೇ ಗತಿ.

ಇನ್ನು ಬಿರುಕು, ತೂತು, ಕಳಚಿ ನೇತಾಡುವ ಪಟ್ಟಿ, ಒಳಗಿನ ಗೋಡೆಯಲ್ಲಿ ತೇವದ ಕಲೆ. ಇವು ಒಂದೆರಡು ಕಡೆ ಇದ್ದರೆ ರಿಪೇರಿ. ಎಲ್ಲಾ ಕಡೆ ಇದ್ದರೆ ಬಣ್ಣದ ಮಾತೇ ಬೇಡ.

ಸುಮ್ನೆ ತೊಳೆದರೆ ಸಾಕಾಗುವ ಮನೆಗಳು

ಇದನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನನ್ನ ಅನುಭವದಲ್ಲಿ ಬಣ್ಣ ಬೇಕು ಅಂತ ಹೊರಟ ಮೂರು ಮನೆಗಳಲ್ಲಿ ಒಂದಕ್ಕೆ ಬೇಕಾಗಿದ್ದದ್ದು ಬರೀ ಸ್ನಾನ.

ಮೂರು ಪಾಲು ಬಿಳಿ ವಿನಿಗರ್, ಏಳು ಪಾಲು ನೀರು. ಮೆತ್ತನೆ ಬ್ರಷ್ಷಿಗೆ ಉದ್ದ ಕೋಲು ಸಿಕ್ಕಿಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ, ಹೋದ ಹೋದ ಹಾಗೆ ನೀರು ಹಾಕಿ ತೊಳೆಯಿರಿ. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಕೆಳಗಿನ ಒಣ ಗೋಡೆ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಪಾಚಿ ಹಠ ಮಾಡಿದರೆ ನೀರು ಬೆರೆಸಿದ ಬ್ಲೀಚ್ ಬಳಸಬಹುದು. ಆದರೆ ವಿನಿಗರ್ ಮತ್ತು ಬ್ಲೀಚ್ ಯಾವ ಕಾರಣಕ್ಕೂ ಒಟ್ಟಿಗೆ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ. ಬ್ಲೀಚ್ ಹಾಕುವ ಮುಂಚೆ ಗಿಡಗಳಿಗೆ ಚೆನ್ನಾಗಿ ನೀರು ಹಾಕಿ, ಆಮೇಲೆ ಇನ್ನೊಮ್ಮೆ ತೊಳೆಯಿರಿ. ಕರಿಬೇವಿನ ಕುಂಡವನ್ನು ಮೊದಲೇ ದೂರ ಇಟ್ಟುಬಿಡಿ.

ಪ್ರೆಶರ್ ವಾಷರ್ ಬಾಡಿಗೆಗೆ ತಂದರೆ ಒಂದೇ ಎಚ್ಚರ. ನೀರನ್ನು ನೇರವಾಗಿ ಇಲ್ಲವೇ ಸ್ವಲ್ಪ ಕೆಳಮುಖವಾಗಿ ಬಿಡಿ. ಕೆಳಗೆ ನಿಂತು ಮೇಲಕ್ಕೆ ಚಿಮ್ಮಿಸಿದರೆ ನೀರು ಪಟ್ಟಿಯ ಹಿಂದಕ್ಕೆ ನುಗ್ಗುತ್ತದೆ. ಈ ಗೋಡೆ ಮಳೆ ಮೇಲಿನಿಂದ ಬೀಳುತ್ತದೆ ಅಂತ ಮಾಡಿದ್ದು.

ತೊಳೆದಾದ ಮೇಲೆ ಒಂದು ವಾರ ಬಿಡಿ. ಆಮೇಲೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ. ನಮ್ಮ ಎದುರು ಮನೆಯ ಹಾಸನದ ಕಡೆಯ ಅಕ್ಕ ಬಣ್ಣಕ್ಕೆ ಕೊಟೇಶನ್ ತರಿಸಿಟ್ಟುಕೊಂಡಿದ್ದವರು, ತೊಳೆದ ಮೇಲೆ ಆ ಕಾಗದವನ್ನು ಡ್ರಾಯರಿಗೆ ಹಾಕಿದರು. "ಇದಕ್ಕಾ ಅಷ್ಟು ದುಡ್ಡು ಕೊಡ್ತಿದ್ದದ್ದು?" ಅಂದರು. ಈಗ ಪ್ರತಿ ಮೇ ತಿಂಗಳು ಗಂಡ, ಹೆಂಡತಿ, ಮಗ ಮೂರೂ ಜನ ಬ್ರಷ್ ಹಿಡಿಯುತ್ತಾರೆ.

ಬಣ್ಣ: ಯಾರಿಗೆ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ

ವಿನೈಲ್ ಗಟ್ಟಿಯಾಗಿದೆ, ಬಿರುಕಿಲ್ಲ, ಜಾರುತ್ತದೆ, ಆದರೆ ಬಣ್ಣ ಮಾಸಿ ಗೋಡೆಗೊಂದು ಛಾಯೆ ಆಗಿದೆ. ತೊಳೆದರೂ ಕಳೆ ಬರಲಿಲ್ಲ. ಮನೆಯಲ್ಲಿ ಇನ್ನು ಏಳೆಂಟು ವರ್ಷ ಇರುವ ಯೋಚನೆ ಇದೆ, ಇಲ್ಲವೇ ಮಾರುವ ಮುಂಚೆ ಕಣ್ಣಿಗೆ ಒಪ್ಪುವಂತೆ ಮಾಡಬೇಕು. ಹಾಗಿದ್ದರೆ ಬಣ್ಣ ಸರಿಯಾದ ಆಯ್ಕೆ. ಹೊಸ ಸೈಡಿಂಗ್ ಹಾಕಿಸುವುದರ ಮುಂದೆ ಖರ್ಚು ಬಹಳ ಕಡಿಮೆ. ಸರಿಯಾಗಿ ಹೊಡೆದದ್ದು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಬಾಳುತ್ತದೆ. ಪಶ್ಚಿಮದ ಗೋಡೆ ಅದಕ್ಕಿಂತ ಮುಂಚೆಯೇ ಕೇಳಬಹುದು.

ಬೇಕಾದದ್ದು ನೂರಕ್ಕೆ ನೂರು ಅಕ್ರಿಲಿಕ್ ಇರುವ, ಹೊರಗೋಡೆಯ ಲೇಟೆಕ್ಸ್ ಬಣ್ಣ. ಹೊಳಪು ಸ್ಯಾಟಿನ್ ಇಲ್ಲವೇ ಇನ್ನೂ ಸ್ವಲ್ಪ ಕಡಿಮೆ ಇರಲಿ. ಜಾಸ್ತಿ ಹೊಳೆದರೆ ಪಟ್ಟಿಯ ಪ್ರತಿ ಡೊಂಕೂ ಎದ್ದು ಕಾಣುತ್ತದೆ. ಪುಡಿ ಪೂರ್ತಿ ಹೋಗಿ ಮೈ ನುಣ್ಣಗಿದ್ದರೆ ಬಹಳ ಕಡೆ ಪ್ರೈಮರ್ ಬೇಕಾಗುವುದಿಲ್ಲ. ತೊಳೆದ ಮೇಲೂ ಪುಡಿ ಹತ್ತುತ್ತಿದ್ದರೆ, ಮೈ ತರಿತರಿಯಾಗಿದ್ದರೆ, ಬಾಂಡಿಂಗ್ ಪ್ರೈಮರ್ ಒಂದು ಕೋಟ್ ಬೇಕೇ ಬೇಕು.

ಯಾವ ಬಣ್ಣ ಅನ್ನುವುದು ಬರೀ ರುಚಿಯ ಪ್ರಶ್ನೆ ಅಲ್ಲ. ಇಲ್ಲಿ ಒಂದು ಗಟ್ಟಿ ನಿಯಮ ಇದೆ: ಈಗಿರುವ ಬಣ್ಣಕ್ಕಿಂತ ಗಾಢವಾದದ್ದನ್ನು ಸಾಮಾನ್ಯ ಪೇಂಟಿನಲ್ಲಿ ಹೊಡೆಯಬೇಡಿ. ಗಾಢ ಬಣ್ಣ ಬಿಸಿಲು ನುಂಗುತ್ತದೆ, ಕೆಳಗಿನ ವಿನೈಲ್ ಬಿಸಿಯಾಗಿ ಡೊಂಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಮಾದರಿ ಚೀಟಿಯ ಹಿಂದೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ. ಕಡು ಕಪ್ಪಿಗೆ 0, ಅಚ್ಚ ಬಿಳಿಗೆ 100. ಅಂದರೆ ಎಷ್ಟು ಬೆಳಕು ವಾಪಸ್ ಕಳಿಸುತ್ತದೆ ಅನ್ನುವ ಲೆಕ್ಕ. ವಿನೈಲ್‌ಗೆ 55 ಇಲ್ಲವೇ ಅದಕ್ಕಿಂತ ಮೇಲೆ ಇರಲಿ ಅನ್ನುವುದು ಪೇಂಟರುಗಳ ಹಳೇ ಲೆಕ್ಕ. ಗಾಢವೇ ಬೇಕು ಅಂದರೆ ಅದಕ್ಕೆಂದೇ ಮಾಡಿದ್ದು ತಗೊಳ್ಳಿ. ಶೆರ್ವಿನ್ ವಿಲಿಯಮ್ಸ್‌ನಲ್ಲಿ ವಿನೈಲ್‌ಸೇಫ್ ಅಂತ ಕೇಳಿ, ಬೆಂಜಮಿನ್ ಮೂರ್‌ನಲ್ಲಿ ವಿನೈಲ್‌ಗೆಂದೇ ಮಾಡಿದ ಬಣ್ಣ ಅಂತ ಕೇಳಿ. ಇವುಗಳಲ್ಲಿನ ಪಿಗ್ಮೆಂಟ್ ಶಾಖವನ್ನು ವಾಪಸ್ ಕಳಿಸುತ್ತದೆ. ಅಂಗಡಿಯಲ್ಲಿ "ಎಕ್ಸ್‌ಟೀರಿಯರ್ ಪೇಂಟ್" ಅಂತ ಅಷ್ಟೇ ಹೇಳಿದರೆ ಸಾಲದು, "ವಿನೈಲ್ ಸೈಡಿಂಗ್ ಮೇಲೆ" ಅಂತ ಬಾಯಿಬಿಟ್ಟು ಹೇಳಿ.

ನಮ್ಮ ಪರಿಚಯದವರೊಬ್ಬರು ತಿಳಿ ಬೂದು ಗೋಡೆಗೆ ಸಾಮಾನ್ಯ ಪೇಂಟಿನಲ್ಲಿ ಕಡು ನೀಲಿ ಹೊಡೆಸಿದರು. ಏಪ್ರಿಲ್‌ನಲ್ಲಿ ನೋಡಲು ಎರಡು ಕಣ್ಣು ಸಾಲದು, ಅಷ್ಟು ಚೆಂದ. ಆಗಸ್ಟ್ ಹೊತ್ತಿಗೆ ಗ್ಯಾರೇಜಿನ ಮೇಲಿನ ಗೋಡೆ ಮೀನಿನ ಹೊಟ್ಟೆಯ ಹಾಗೆ ಉಬ್ಬಿತ್ತು. ಅದಕ್ಕೆ ಔಷಧಿ ಇಲ್ಲ.

ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ. ಒಂದು ಪಟ್ಟಿಯ ತುದಿ ಇನ್ನೊಂದರ ಮೇಲೆ ಒಂದಿಂಚಿನಷ್ಟು ಹತ್ತಿ ಕೂತಿರುತ್ತದೆ ಅಲ್ವಾ? ಬೇಸಿಗೆಯಲ್ಲಿ ಪಟ್ಟಿ ಹಿಗ್ಗಿರುವಾಗ ಬಣ್ಣ ಹೊಡೆದರೆ ಆ ಮರೆಯ ಜಾಗಕ್ಕೆ ಬ್ರಷ್ ಹೋಗುವುದಿಲ್ಲ. ಚಳಿಗಾಲ ಬಂತು, ಪಟ್ಟಿ ಕುಗ್ಗಿತು, ಅಕ್ಕಿ ಕಾಳಿನ ಅಗಲದ ಹಳೇ ಬಣ್ಣದ ಗೆರೆ ಪ್ರತಿ ಜೋಡಣೆಯಲ್ಲೂ ಇಣುಕಿತು. ಜನವರಿಯ ಒಂದು ಬೆಳಿಗ್ಗೆ ಹಿಮ ತೆಗೆಯಲು ಹೊರಗೆ ಬಂದು ತಲೆ ಎತ್ತಿದಾಗ ನಮ್ಮ ಗೋಡೆ ತುಂಬಾ ಹೊಲಿಗೆ ಹಾಕಿದ ಹಾಗೆ ಗೆರೆಗಳು. ಆದಷ್ಟು ತಂಪಿನ ದಿನ ಹೊಡೆದರೆ, ಹೊಸ ಬಣ್ಣ ಹಳೆಯದಕ್ಕೆ ಹತ್ತಿರ ಇದ್ದರೆ, ಇದು ಕಣ್ಣಿಗೆ ಬೀಳುವುದಿಲ್ಲ. ಬೆಣ್ಣೆ ಬಣ್ಣದಿಂದ ತಿಳಿ ಬೂದಿಗೆ ಹೋದರೆ ನಡೆಯುತ್ತದೆ. ಬಿಳಿಯಿಂದ ಹಸಿರಿಗೆ ಹೋದರೆ ಪ್ರತಿ ಚಳಿಗಾಲ ಈ ಗೆರೆ ಎಣಿಸಬೇಕು.

ಹೊಡೆಯುವ ದಿನ, ಹೊಡೆಯುವ ರೀತಿ

ಇಲ್ಲಿಯ ಹವೆಗೆ ಮೇ ಕೊನೆ, ಜೂನ್ ಮೊದಲು, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ, 90ಕ್ಕಿಂತ ಕೆಳಗೆ. ರಾತ್ರಿಯ ಚಳಿಯನ್ನೂ ನೋಡಿ, ಬಣ್ಣ ಒಣಗುವುದು ಆಗಲೂ ನಡೆಯುತ್ತಿರುತ್ತದೆ. ಬಿಸಿಲು ಬಿದ್ದ ಗೋಡೆಗೆ ಹೊಡೆಯಬೇಡಿ. ಬೆಳಿಗ್ಗೆ ಪಶ್ಚಿಮ, ಮಧ್ಯಾಹ್ನದ ಮೇಲೆ ಪೂರ್ವ, ಹೀಗೆ ನೆರಳಿನ ಹಿಂದೆ ಹಿಂದೆ ಹೋಗಿ.

ನಮ್ಮ ಮೊದಲ ಪೇಂಟರ್ ಬೆಳಿಗ್ಗೆ ಪ್ರೆಶರ್ ವಾಷರ್‌ನಿಂದ ತೊಳೆದು, ಊಟ ಮಾಡಿ ಬಂದು, ಬಣ್ಣ ಶುರು ಮಾಡಿದರು. ನೋಡಲು ಗೋಡೆ ಒಣಗಿತ್ತು. ಪಟ್ಟಿಯ ಹಿಂದೆ, ಕಿಟಕಿಯ ಸುತ್ತಲಿನ ತೋಡಿನಲ್ಲಿ ನೀರು ನಿಂತಿತ್ತು. ಮುಂದಿನ ವಸಂತಕ್ಕೆ ಪ್ರತಿ ಕಿಟಕಿಯ ಕೆಳಗೂ ಗುಳ್ಳೆ. ಉಗುರಿನಿಂದ ಎಳೆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದಕ್ಕೆ ಬಂತು, ಕೆಳಗೆ ಹಳೇ ಬಣ್ಣ ಹಾಗೇ ಇತ್ತು. ಎರಡನೆಯ ಸಲ ಬಂದ ವಯಸ್ಸಾದ ಪೇಂಟರ್ ತೊಳೆದು ಎರಡು ದಿನ ಬಿಟ್ಟು ಬಂದರು. ಬಂದ ಕೂಡಲೇ ಬಣ್ಣದ ಡಬ್ಬಿ ಮುಟ್ಟಲಿಲ್ಲ. ಮೊದಲು ಅಂಗೈಯನ್ನು ಗೋಡೆಗೆ ಒತ್ತಿ ನೋಡಿಕೊಂಡು, ಪ್ಯಾಂಟಿಗೆ ಒರೆಸಿಕೊಂಡರು. ಪ್ಯಾಂಟಿನ ಮೇಲೆ ಪುಡಿ ಬೀಳಲಿಲ್ಲ. ಆಮೇಲೇ ಏಣಿ ಹಾಕಿದ್ದು.

ನೀವೇ ಹೊಡೆಯುವುದಾದರೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಹಿಂದಿನ ಗೋಡೆಯ ಮೂಲೆಯಲ್ಲಿ ಒಂದು ಚದರ ಅಡಿ ಹೊಡೆದು ವಾರ ಬಿಡಿ. ಬ್ಲೇಡಿನಿಂದ ಬಣ್ಣದ ಮೇಲಷ್ಟೇ, ಹಗುರವಾಗಿ ಅಡ್ಡ ಉದ್ದ ಗೀರಿ, ಟೇಪ್ ಅಂಟಿಸಿ ಜೋರಾಗಿ ಕೀಳಿ. ಬಣ್ಣ ಟೇಪಿಗೆ ಬಂದರೆ ತೊಳೆದದ್ದು ಸಾಲಲಿಲ್ಲ ಅಂತ ಅರ್ಥ.

ಸ್ಪ್ರೇಯಿಂದ ಹೊಡೆದರೆ ಬೇಗ ಆಗುತ್ತದೆ, ಪಟ್ಟಿಯ ಕೆಳ ಅಂಚಿಗೂ ಬಣ್ಣ ತಲುಪುತ್ತದೆ. ಆದರೆ ಸ್ಪ್ರೇ ಮಾಡಿದ ಹಿಂದೆಯೇ ಬ್ರಷ್ಷೋ ರೋಲರೋ ಆಡಿಸಿದರೆ ಬಣ್ಣ ಚೆನ್ನಾಗಿ ಕೂರುತ್ತದೆ. ಗಾಳಿ ಇರುವ ದಿನ ಸ್ಪ್ರೇ ಬೇಡವೇ ಬೇಡ, ಪಕ್ಕದ ಮನೆಯವರ ಕಾರಿನ ಮೇಲೂ ನಿಮ್ಮ ಮನೆಯ ಬಣ್ಣ ಇರುತ್ತದೆ. ಬ್ರಷ್ ಕೆಲಸ ನಿಧಾನ, ತಾಳ್ಮೆ ಇರುವವರಿಗೆ ಅದೇ ಚೆಂದ. ಎರಡು ತೆಳು ಕೋಟ್ ಹೊಡೆಯಿರಿ, ಒಂದು ದಪ್ಪ ಕೋಟ್ ಬೇಡ.

ಪಟ್ಟಿಗಳ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆ ಹೋದ ನೀರು ಸೋರಿ ಬರಲಿ ಅಂತ. ಬಣ್ಣ ಅವನ್ನು ಮುಚ್ಚದಂತೆ ನೋಡಿಕೊಳ್ಳಿ. ಪಟ್ಟಿಗಳ ಜೋಡಣೆಗೆ, ಕಿಟಕಿ ಸುತ್ತಲಿನ ಜೆ-ಚಾನೆಲ್ ಅನ್ನುವ ತೋಡಿಗೆ ಕಾಲ್ಕ್ (ಸಂದು ಮುಚ್ಚುವ ಅಂಟು) ಮೆತ್ತಬೇಡಿ. ಸಂದು ಕಂಡ ಕಡೆಯೆಲ್ಲ ಮುಚ್ಚುವುದು ನಮ್ಮ ಗಾರೆ ಮನೆಯ ಅಭ್ಯಾಸ, ಇಲ್ಲಿ ಆ ಸಂದೇ ಗೋಡೆಯ ಉಸಿರು. ಏಣಿ ಇಡುವಾಗ ಕಂಬದಿಂದ ಮನೆಗೆ ಬರುವ ಕರೆಂಟಿನ ತಂತಿಯಿಂದ ಹತ್ತು ಅಡಿ ದೂರ ಇರಿ. ಎರಡನೇ ಮಹಡಿಯ ಮೇಲಿನ ತ್ರಿಕೋನದ ಗೋಡೆ ಕೂಲಿಯವರಿಗೇ ಇರಲಿ, ಅಷ್ಟು ಎತ್ತರದಲ್ಲಿ ಉಳಿತಾಯ ಬೇಡ.

ಎಷ್ಟು ಬಣ್ಣ ಬೇಕು? 40 ಅಡಿಗೆ 28 ಅಡಿಯ ಎರಡು ಮಹಡಿ ಮನೆ ಅಂದುಕೊಳ್ಳಿ. ಸುತ್ತಳತೆ 136 ಅಡಿ, ಎತ್ತರ 18 ಅಡಿ ಅಂದರೆ ಸುಮಾರು 2,450 ಚದರ ಅಡಿ. ಕಿಟಕಿ ಬಾಗಿಲಿಗೆ 250 ಕಳೆಯಿರಿ, 2,200 ಉಳಿಯಿತು. ಪಟ್ಟಿಯ ಮಡಿಕೆಗಳಿಗೆ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ 2,420. ಎರಡು ಕೋಟ್ ಹೊಡೆಯಲು 4,840. ಒಂದು ಗ್ಯಾಲನ್ 350 ಚದರ ಅಡಿ ಹೊಡೆಯುತ್ತದೆ ಅಂದರೆ 14 ಗ್ಯಾಲನ್. ಐದು ಗ್ಯಾಲನ್ನಿನ ಮೂರು ಬಕೆಟ್ ತಂದರೆ ಒಂದು ಗ್ಯಾಲನ್ ಮಿಗುತ್ತದೆ. ಸ್ಪ್ರೇ ಆದರೆ ಗಾಳಿಗೆ ಹೋಗುವುದು ಜಾಸ್ತಿ, ಇನ್ನೊಂದಿಷ್ಟು ತನ್ನಿ. ಮೂರೂ ಬಕೆಟ್ಟಿನ ಬಣ್ಣವನ್ನು ಮೊದಲೇ ಕಲಸಿ ಒಂದು ಮಾಡಿಕೊಳ್ಳಿ, ಇಲ್ಲದಿದ್ದರೆ ಗೋಡೆಯ ನಡುವೆ ಛಾಯೆ ಬದಲಾಗುತ್ತದೆ. ಬಣ್ಣಕ್ಕಿಂತ ಕೂಲಿಯೇ ಜಾಸ್ತಿ. ಹಾಗಿರುವಾಗ ಗ್ಯಾಲನ್ನಿಗೆ ಇಪ್ಪತ್ತು ಡಾಲರ್ ಉಳಿಸಲು ಹೋಗಬೇಡಿ.

ಹೊಸ ವಿನೈಲ್

ಹಳೆಯದು ಬಿರುಸಾಗಿ ಒಡೆಯುತ್ತಿದ್ದರೆ ಇದೇ ದಾರಿ. ಚಳಿಗಾಲದಲ್ಲಿ ಚೆಂಡು ಬಡಿದರೆ ಬಿಸ್ಕತ್ತಿನ ಹಾಗೆ ತುಂಡಾಗುವ ಗೋಡೆಗೆ ಬಣ್ಣ ಹೊಡೆಯುವುದು ದುಡ್ಡು ಚೆಲ್ಲಿದ ಹಾಗೆ.

ಇದರ ದೊಡ್ಡ ಲಾಭ ಕಣ್ಣಿಗೆ ಕಾಣದ್ದು. ಹಳೆಯದನ್ನು ಕಿತ್ತಾಗ ಒಳಗಿನ ಮರದ ಹಲಗೆ ಕಾಣುತ್ತದೆ. ಕೊಳೆತದ್ದು ಬದಲಾಯಿಸಬಹುದು, ನೀರು ತಡೆಯುವ ಹಾಳೆಯಾದ ಹೊಸ ಹೌಸ್ ರ‍್ಯಾಪ್ ಹೊದಿಸಬಹುದು, ಕಿಟಕಿ ಸುತ್ತ ನೀರು ಇಳಿಯದ ಹಾಗೆ ಸರಿಮಾಡಬಹುದು. ಹಳೆಯದರ ಮೇಲೇ ಹೊಸದು ಹಾಕುತ್ತೇವೆ, ಖರ್ಚು ಕಡಿಮೆ ಅನ್ನುವವರಿಗೆ ಒಪ್ಪಬೇಡಿ.

ಕೊಟೇಶನ್ ನೋಡುವಾಗ ದಪ್ಪ ಕೇಳಿ. 0.040 ಇಂಚಿನ ಆಸುಪಾಸು ಸಾಮಾನ್ಯ ಮಾಲು, 0.046ರ ಮೇಲಿನದು ಗಟ್ಟಿ. ಹಿಂದೆ ಫೋಮ್ ಅಂಟಿಸಿದ್ದೂ ಬರುತ್ತದೆ. ಅದು ನೆಟ್ಟಗೆ ನಿಲ್ಲುತ್ತದೆ, ರಸ್ತೆಯ ಸದ್ದೂ ಸ್ವಲ್ಪ ತಗ್ಗುತ್ತದೆ. ಕೆಲಸ ನಡೆಯುವಾಗ ಒಂದು ಪಟ್ಟಿಯನ್ನು ನೀವೇ ಪಕ್ಕಕ್ಕೆ ತಳ್ಳಿ ನೋಡಿ. ಅಲ್ಲಾಡದಿದ್ದರೆ ಮೊಳೆ ಬಿಗಿಯಾಗಿದೆ. ಆಗಲೇ ಹೇಳಿ, ಮುಗಿದ ಮೇಲೆ ಹೇಳಿ ಪ್ರಯೋಜನ ಇಲ್ಲ.

1978ಕ್ಕಿಂತ ಹಿಂದಿನ ಮನೆಯಾದರೆ ವಿನೈಲ್ ಕೆಳಗೆ ಹಳೇ ಮರದ ಗೋಡೆ, ಅದರ ಮೇಲೆ ಸೀಸದ ಬಣ್ಣ ಇರಬಹುದು. ಕೆಲವು ಕಡೆ ಆಸ್ಬೆಸ್ಟಾಸ್ ಹಲಗೆಯೂ ಸಿಗುತ್ತದೆ. ಸೀಸದ ಬಣ್ಣದ ಕೆಲಸಕ್ಕೆ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ಸರ್ಟಿಫಿಕೇಟ್ ಇರುವವರನ್ನೇ ಕರೆಯಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಫೈಬರ್ ಸಿಮೆಂಟ್

ಸಿಮೆಂಟ್, ಮರಳು, ಮರದ ನಾರು ಸೇರಿಸಿ ಮಾಡಿದ ಹಲಗೆ. ಹೆಸರು ಕೇಳಿ ಊರಿನ ಹಳೇ ಸಿಮೆಂಟ್ ಶೀಟು ನೆನೆದು ಹೆದರಬೇಡಿ, ಈಗ ಇಲ್ಲಿ ಬರುವುದರಲ್ಲಿ ಆಸ್ಬೆಸ್ಟಾಸ್ ಇಲ್ಲ. ಬೆಂಕಿ ಹಿಡಿಯುವುದಿಲ್ಲ, ಬಿಸಿಲಿಗೆ ಕರಗುವುದಿಲ್ಲ, ಯಾವ ಗಾಢ ಬಣ್ಣವಾದರೂ ಒಪ್ಪುತ್ತದೆ. ನೋಡಲು ಮರದ ಹಾಗೇ ಇರುತ್ತದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚೆಂದ ಇದೇ.

ಆದರೆ ವಿನೈಲ್‌ಗಿಂತ ಹಲವು ಪಟ್ಟು ಭಾರ, ಕೂಲಿ ಜಾಸ್ತಿ, ಇಲ್ಲಿ ಹೇಳಿದ್ದರಲ್ಲೆಲ್ಲ ದುಬಾರಿ. ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆ ದಿನಗಳಲ್ಲಿ ಕಿಟಕಿ ಮುಚ್ಚಿಡಿ. ಬಣ್ಣದ ಕೆಲಸವೂ ತಪ್ಪುವುದಿಲ್ಲ. ಫ್ಯಾಕ್ಟರಿಯಲ್ಲೇ ಬಣ್ಣ ಹಾಕಿ ಬಂದದ್ದೂ ಹದಿನೈದು ವರ್ಷದ ಆಸುಪಾಸಿಗೆ ಮತ್ತೆ ಕೇಳುತ್ತದೆ. ಇಪ್ಪತ್ತು ವರ್ಷ ಈ ಮನೆಯಲ್ಲೇ ಇರುತ್ತೇವೆ ಅನ್ನುವವರಿಗೆ ಸರಿ. ಮಗಳು ಕಾಲೇಜಿಗೆ ಹೋದ ಮೇಲೆ ಮಾರಿ ಚಿಕ್ಕ ಮನೆಗೆ ಹೋಗುತ್ತೇವೆ ಅನ್ನುವವರಿಗೆ ಬೇಡ.

ಸಹಿ ಹಾಕುವ ಮುಂಚೆ

ಟೌನ್‌ಹೌಸ್ ಇರಲಿ, ಬೇರೆ ಮನೆ ಇರಲಿ, ಬಡಾವಣೆಯ ಮನೆ ಮಾಲೀಕರ ಸಂಘ, ಅಂದರೆ ಎಚ್‌ಓಎ ಇದ್ದರೆ ಬಣ್ಣದ ಚೀಟಿ ಕೊಟ್ಟು ಕಾಗದದಲ್ಲಿ ಒಪ್ಪಿಗೆ ತಗೊಳ್ಳಿ. ಬಾಯಿಮಾತು ಸಾಲದು. ನಿಮ್ಮ ಸೈಡಿಂಗಿಗೆ ಇನ್ನೂ ವಾರಂಟಿ ಇದ್ದರೆ ಅದನ್ನು ಓದಿ, ಬಣ್ಣ ಹೊಡೆದರೆ ಸಾಮಾನ್ಯವಾಗಿ ಅದು ಹೋಗುತ್ತದೆ. ಆಲಿಕಲ್ಲು, ಬಿರುಗಾಳಿಗೆ ಗೋಡೆ ಕೆಟ್ಟಿದ್ದರೆ ಬಣ್ಣದ ಯೋಚನೆಗೆ ಮುಂಚೆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ.

ನ್ಯೂಜೆರ್ಸಿಯಲ್ಲಿ ಮನೆ ಕೆಲಸದ ಕಾಂಟ್ರ್ಯಾಕ್ಟರ್ ರಾಜ್ಯದಲ್ಲಿ ನೋಂದಣಿ ಮಾಡಿಸಿರಬೇಕು. 500 ಡಾಲರ್ ಮೀರಿದ ಕೆಲಸಕ್ಕೆ ಬರಹದ ಕರಾರು ಇರಬೇಕು. ಆ ಕರಾರಿನಲ್ಲಿ ಈ ನಾಲ್ಕು ಮಾತು ಬರೆಸಿ: ಹೇಗೆ ತೊಳೆಯುತ್ತಾರೆ, ತೊಳೆದ ಎಷ್ಟು ದಿನದ ಮೇಲೆ ಬಣ್ಣ, ಯಾವ ಕಂಪನಿಯ ಯಾವ ಪೇಂಟ್, ಎಷ್ಟು ಕೋಟ್. ನಮ್ಮ ಮೊದಲ ಕರಾರಿನಲ್ಲಿ ಇದ್ದದ್ದು "ಹೊರಗೋಡೆಗೆ ಬಣ್ಣ" ಅನ್ನುವ ಎರಡೇ ಪದ.

ಒಂದೆರಡು ಪಟ್ಟಿ ಮಾತ್ರ ಕೆಟ್ಟಿದ್ದರೆ ಇಷ್ಟೆಲ್ಲ ಬೇಡ. ಜಿಪ್ ಟೂಲ್ ಅಂತ ಒಂದು ಕೊಕ್ಕೆ ಸಿಗುತ್ತದೆ, ಕೆಲವೇ ಡಾಲರ್. ಪಟ್ಟಿಯ ಕೆಳ ಅಂಚಿಗೆ ಸಿಕ್ಕಿಸಿ ಎಳೆಯುತ್ತಾ ಹೋದರೆ ಬಟಾಣಿ ಸಿಪ್ಪೆ ಬಿಡಿಸಿದ ಹಾಗೆ ಟಕಟಕ ಅಂತ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಹೊಸ ಪಟ್ಟಿ ನಿಮ್ಮ ಮಾಸಿದ ಗೋಡೆಗೆ ಹೊಂದುವುದಿಲ್ಲ. ಅದಕ್ಕೆ ಶೆಡ್ ಹಿಂದಿನ ಹಳೇ ಪಟ್ಟಿ ತೆಗೆದು ಮುಂದಕ್ಕೆ ಹಾಕಿ, ಹೊಸದನ್ನು ಶೆಡ್ ಹಿಂದೆ ಹಾಕಿ.

ಬಣ್ಣ ಹೊಡೆಸಿದವರು ಮಿಕ್ಕ ಬಣ್ಣವನ್ನು ಎಸೆಯಬೇಡಿ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಕೋಡ್, ತಾರೀಖು, ಯಾವ ಗೋಡೆ ಅಂತ ಬರೆದು ಬೇಸ್‌ಮೆಂಟಿನಲ್ಲಿ ಇಡಿ. ಗ್ಯಾರೇಜಿನಲ್ಲಿ ಬೇಡ. ಅಲ್ಲಿ ಚಳಿಗಾಲಕ್ಕೆ ಲೇಟೆಕ್ಸ್ ಹೆಪ್ಪುಗಟ್ಟಿ ಒಡೆದ ಮೊಸರಿನ ಹಾಗಾಗುತ್ತದೆ, ಆಮೇಲೆ ಯಾವ ಗೋಡೆಗೂ ಬರುವುದಿಲ್ಲ.